ಸಿಡಿಲಪ್ಪನ ಅಗ್ಗದ ಪುನರ್ಜನ್ಮ

ನಿವೃತ್ತನಾದವನು ಏನು ಓದಬೇಕು ಎಂಬುದರ ಬಗ್ಗೆ ಊರಿಗೊಂದು ಅಂದಾಜಿರುತ್ತದೆ. ವಚನ, ಪ್ರವಚನ, ಹೆಚ್ಚೆಂದರೆ ಸಕ್ಕರೆ ಕಾಯಿಲೆಗೆ ಮನೆಮದ್ದು. ನಾನು ಕಾಮಿಕ್ಸ್ ಓದುತ್ತೇನೆ. ಮೊಮ್ಮಕ್ಕಳಿಗೆ ಓದಿ ಹೇಳಲೆಂಬ ನೆಪವೂ ನನಗಿಲ್ಲ; ಅವರಿಗೆ ಮೊಬೈಲು ಸಾಕು. ಸ್ನಾನ, ಪೂಜೆ, ನಡಿಗೆ, ರೊಟ್ಟಿ ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, ಮೈಗಂಟಿದ ಬಟ್ಟೆಯ, ಆಕಾಶದಲ್ಲಿ ಹಾರುವ ವೀರರ ಕಥೆಗೆ ಕೂರುತ್ತೇನೆ. ಅದಕ್ಕೂ ಒಂದು ವೇಳೆ ಗೊತ್ತುಮಾಡಿಕೊಂಡಿದ್ದೇನೆ.

ವೇಳೆ ನನ್ನ ಹಳೆಯ ರೋಗ. ಮಠದ ಪ್ರಸಾದ ನಿಲಯದಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗಿ ಕಲಿತವನು ನಾನು. ಆಮೇಲೆ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಮೈಕಿನಲ್ಲಿ ಕೂಗಿ ಬಸ್ಸುಗಳನ್ನು ವೇಳೆಗೆ ಸರಿಯಾಗಿ ಬಿಡುವುದು ಕೆಲಸ. ಕುಷ್ಟಗಿಯ ಬೋರ್ಡು ಹಾಕಿದ ಬಸ್ಸು ಕುಷ್ಟಗಿಗೇ ಹೋಗಬೇಕು. ಇದು ನನ್ನ ಮಟ್ಟಿಗೆ ಸಾರಿಗೆಯ ನಿಯಮ ಮಾತ್ರವಲ್ಲ, ನನಗೆ ಗೊತ್ತಿರುವ ಅಷ್ಟೂ ಸಾಹಿತ್ಯ ವಿಮರ್ಶೆ. ಈಗಿನ ವೀರರ ಕಥೆಗಳು ಕೆಡುವುದು ಇಲ್ಲಿಯೇ. ‘ವೀರನ ಮರಣ’ ಎಂದು ದಪ್ಪ ಅಕ್ಷರದ ಬೋರ್ಡು ಹಾಕಿಕೊಂಡು ಹೊರಡುತ್ತವೆ. ನಾವು ಎದೆ ಗಟ್ಟಿಮಾಡಿಕೊಂಡು ಹತ್ತುತ್ತೇವೆ. ಅರ್ಧ ದಾರಿಯಲ್ಲಿ ಬೋರ್ಡು ತಿರುವಿ, ಹತ್ತಿದ ಜಾಗಕ್ಕೇ ತಂದು ಇಳಿಸುತ್ತವೆ.

ನನಗೆ ಈ ಚಟ ಹಚ್ಚಿದವರು ಮೌಲಾಸಾಬರು. ನಿಲ್ದಾಣದೊಳಗೆ ಅವರದೊಂದು ಪುಸ್ತಕದ ಅಂಗಡಿ ಇತ್ತು. ಮಧ್ಯಾಹ್ನ ಗದ್ದಲ ಇಳಿದಾಗ ಇಬ್ಬರೂ ಕಾಮಿಕ್ಸ್ ಬಿಡಿಸಿಕೊಂಡು ಕೂರುತ್ತಿದ್ದೆವು. ಈಗ ಅಂಗಡಿ ಇಲ್ಲ. ಅವರ ಮಗಳು ಇಂಗ್ಲಿಷ್ ಪುಸ್ತಕಗಳನ್ನು ಆನ್‌ಲೈನಿನಲ್ಲಿ ತರಿಸಿಕೊಡುತ್ತಾಳೆ. ಮಾತನ್ನು ನಾನು ಓದಿ ಕನ್ನಡ ಮಾಡಿ ಹೇಳುತ್ತೇನೆ, ಚಿತ್ರವನ್ನು ಅವರು ಓದುತ್ತಾರೆ. ನಮ್ಮ ಮೆಚ್ಚಿನ ವೀರ ಬೀಳುವ ಸಿಡಿಲನ್ನು ಅಂಗೈಯಲ್ಲಿ ಹಿಡಿಯಬಲ್ಲವನು. ಅವನಿಗೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿದೆ. ಮೌಲಾಸಾಬರು ಮೊದಲ ದಿನವೇ ‘ಸಿಡಿಲಪ್ಪ’ ಎಂದರು, ಅಲ್ಲಿಗೆ ನಾಮಕರಣ ಮುಗಿಯಿತು.

ಹೋದ ವರ್ಷ ಈ ಸಿಡಿಲಪ್ಪ ಸತ್ತ. ಊರನ್ನು ಉಳಿಸಲು ಇಡೀ ಆಕಾಶದ ಸಿಡಿಲನ್ನು ಎದೆಗೆ ಎಳೆದುಕೊಂಡು ಸತ್ತ. ಕೊನೆಯ ಪುಟದಲ್ಲಿ ಮಾತೇ ಇರಲಿಲ್ಲ, ಖಾಲಿ ಆಕಾಶ ಅಷ್ಟೆ. ಓದಿ ಹೇಳಲು ನನಗೆ ಕೆಲಸವಿಲ್ಲದ ಆ ಪುಟವನ್ನು ಮೌಲಾಸಾಬರು ಬಹಳ ಹೊತ್ತು ನೋಡಿದರು. ಆಮೇಲೆ ಇಬ್ಬರೂ ಮೂಗು ಒರೆಸಿಕೊಂಡೆವು. ಒಳ್ಳೆಯ ಸಾವು. ಆದರೆ ಹಿಂಬದಿಯ ರಟ್ಟಿನಲ್ಲಿ, ಮುಂದಿನ ಭಾಗ ಬರಲಿದೆ ಎಂಬ ಜಾಹೀರಾತು ಇತ್ತು.

ಆ ಭಾಗ ಬರುವ ಮುಂಚೆಯೇ ಮೌಲಾಸಾಬರ ಎದೆ ಕೈಕೊಟ್ಟಿತು. ಹುಬ್ಬಳ್ಳಿಯ ಡಾಕ್ಟರು ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದರು. ಮೌಲಾಸಾಬರು ತಡ ಮಾಡಿದರು. ಮೊದಲು ರಂಜಾನ್ ಮುಗಿಯಲಿ ಎಂದರು, ಆಮೇಲೆ ಬಿಸಿಲು ಇಳಿಯಲಿ ಎಂದರು. ಕಡೆಗೆ, ಸಿಡಿಲಪ್ಪನದು ಏನಾಗುತ್ತದೋ ನೋಡಿಕೊಂಡು ಹೋದರಾಯಿತು ಎಂದು ನಕ್ಕರು. ನಗುತ್ತಿದ್ದರೂ ಕೈ ಎದೆಯ ಮೇಲೇ ಇತ್ತು. ಅವರ ಹೆಂಡತಿ ಖೈರುನ್‌ಬಿ ನನ್ನನ್ನು ಅಂಗಳದಲ್ಲಿ ತಡೆದು ನಿಲ್ಲಿಸಿದರು.

“ಅಣ್ಣಾರ, ನೀವರ ಒಂದ್ ಮಾತ ಹೇಳ್ರಿ. ನಮ್ಮ ಮಾತ ಕಿವ್ಯಾಗ ಹಾಕ್ಕೊಳವಲ್ರು. ಆ ಹಾರೂ ಮನಶ್ಯಾ ಹೇಳಿದ್ರ ಕೇಳ್ತಾರ ನೋಡ್ರಿ.”

ಹೀಗಾಗಿ ಹೊಸ ಭಾಗ ಬಂದ ದಿನ ನಾನು ಓದುಗನಾಗಿ ಹೋಗಲಿಲ್ಲ, ಹರಕೆ ಹೊತ್ತವನಂತೆ ಹೋದೆ. ಸಿಡಿಲಪ್ಪ ಸಾವನ್ನು ಗುದ್ದಾಡಿ ಗೆದ್ದು ಏಳಲಿ, ಇವರಿಗೂ ಧೈರ್ಯ ಬರಲಿ. ಪುಟ ತಿರುವುತ್ತ ಹೋದಂತೆ ನನ್ನ ದನಿ ಇಳಿಯಿತು. ಅಸಲಿ ಸಿಡಿಲಪ್ಪ ಸತ್ತೇ ಇರಲಿಲ್ಲ. ಸತ್ತವನು ಬೇರೊಂದು ಲೋಕದಿಂದ ಬಂದ ಅವನ ನಕಲು. ಅಸಲಿಯವನು ಅಷ್ಟು ದಿನ ಆ ಲೋಕದಲ್ಲಿ ಹಾಯಾಗಿ ಇದ್ದ.

“ಅಂದ್ರ ಅವತ್ತ ಸತ್ತಾಂವ ಇವ ಅಲ್ಲೇನ್ರಿ?” ಎಂದರು ಮೌಲಾಸಾಬರು.

“ಅಲ್ಲಂತ.”

“ಮತ್ತ ನಾವ್ ಯಾರಿಗೆ ಅತ್ತಿವಿ?”

ನನಗೆ ಚಿಕ್ಕಂದಿನಲ್ಲಿ ಗಂಗಾವತಿಯ ಸೋದರಮಾವ ತೋರಿಸಿದ ಕಂಪನಿ ನಾಟಕ ನೆನಪಾಯಿತು. ನಾಯಕ ಹಾಡು ಹೇಳಿ ಪ್ರಾಣ ಬಿಟ್ಟ. ಜನ ‘ಒನ್ಸ್ ಮೋರ್’ ಎಂದು ಕೂಗಿದರು. ಹೆಣ ಎದ್ದು, ಧೋತರದ ಧೂಳು ಕೊಡವಿ, ಹಾರ್ಮೋನಿಯಂ ಕಡೆ ನೋಡಿ, ಅದೇ ಹಾಡನ್ನು ಇನ್ನೊಮ್ಮೆ ಹೇಳಿ ಇನ್ನೊಮ್ಮೆ ಸತ್ತಿತು. ಯಾರಿಗೂ ಮೋಸವಾದಂತೆ ಅನಿಸಲಿಲ್ಲ. ಎದ್ದವನು ಮರಳಿ ಸಾಯುವ ಮರ್ಯಾದೆ ತೋರಿಸಿದನಲ್ಲ! ನಮ್ಮ ಪುರಾಣಗಳಲ್ಲೂ ಸತ್ತವರು ಎದ್ದಿದ್ದಾರೆ, ಆದರೆ ಪುಕ್ಕಟೆ ಎದ್ದಿಲ್ಲ. ಯಾರೋ ಯಮನ ಬೆನ್ನು ಹತ್ತಿ ಕಾಡಿ ಬೇಡಿ ಕಾಲು ಸವೆಸಿದ್ದಾರೆ. ಕಥೆಯಲ್ಲಿ ಸತ್ತವನು ಏಳುವುದು ತಪ್ಪಲ್ಲ, ನಿದ್ದೆಯಿಂದ ಎದ್ದಂತೆ ಏಳುವುದು ತಪ್ಪು. ನಿಜವಾಗಿ ಸಾವಿನ ಎದುರು ಕೂತ ಮನುಷ್ಯನ ಕೈಗೆ ಇಂಥ ಕಥೆ ಕೊಡುವುದು, ಹಸಿದವನಿಗೆ ಊಟದ ಚಿತ್ರ ಬಡಿಸಿದ ಹಾಗೆ.

ಮೌಲಾಸಾಬರು ಪುಸ್ತಕ ಮಗುಚಿ ಪಕ್ಕಕ್ಕೆ ಸರಿಸಿದರು. ಇನ್ನು ಇವರು ಹುಬ್ಬಳ್ಳಿಯ ದಾರಿ ಹಿಡಿಯುವುದಿಲ್ಲ ಎಂದು ನಾನು ಆಸೆ ಬಿಟ್ಟೆ. ಖೈರುನ್‌ಬಿ ಚಹಾ ತಂದರು. ಇವರು ಕಪ್ಪಿನಿಂದ ಬಸಿಗೆ ಸುರಿದುಕೊಂಡು, ತಮ್ಮ ಮನೆಮಾತಿನಲ್ಲಿ ಅವರಿಗೆ ಏನೋ ಹೇಳಿದರು. ಆಕೆ ನಿಂತಲ್ಲೇ ನಿಂತರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳನ್ನು ಕರೆಯುತ್ತ ಒಳಗೆ ಹೋದರು. ಹುಬ್ಬಳ್ಳಿಗೆ ಹೊರಡುವ ತಯಾರಿ ಮಾಡಲು ಹೇಳಿದ್ದರಂತೆ.

ನಾನು ಬೆರಗಾಗಿ ಮುಖ ನೋಡಿದೆ.

“ಇಂಥಾ ಕೆಟ್ಟ ಕಥಿ ಓದಿ ಸಾಯಾಕ ನನಗ ಮನಸಿಲ್ರಿ ಸಾಹೇಬ್ರ,” ಎಂದರು. “ಮ್ಯಾಲ ಹ್ವಾದಾಗ ಯಾರರ, ಕಡೀಕ ಏನ್ ಓದಿ ಬಂದಿ ಮೌಲಾ ಅಂದ್ರ, ಏನಂತ ಹೇಳ್ಲಿ?”

ಆಪರೇಷನ್ ಆಯಿತು. ಸಿಡಿಲಪ್ಪ ಒಂದೇ ಪುಟದಲ್ಲಿ ಮರಳಿ ಬಂದು ಹಾರಿದ್ದ. ಮೌಲಾಸಾಬರಿಗೆ ಹಾಸಿಗೆಯಿಂದ ಬಾಗಿಲಿಗೆ ಬರಲು ದಿನಗಳು ಹಿಡಿದವು, ಬಾಗಿಲಿನಿಂದ ಅಂಗಳಕ್ಕೆ ವಾರಗಳು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿಯಬೇಕು. ಒಂದು ಸಂಜೆ ಗೋಡೆ ಹಿಡಿಯದೆ ಗೇಟಿನವರೆಗೆ ನಡೆದು ಬಂದು, ಬೆವರೊರೆಸಿಕೊಂಡು ನನ್ನ ಕಡೆ ನೋಡಿದರು. ಈ ಭಾಗವನ್ನು ಯಾವ ಕಾಮಿಕ್ಸಿನವರೂ ಏಕೆ ಬರೆಯುವುದಿಲ್ಲವೋ ನನಗೆ ತಿಳಿಯದು.

ಒಳ್ಳೆಯ ಕಥೆಗಳೇ ಮನುಷ್ಯನಿಗೆ ಬದುಕುವ ಧೈರ್ಯ ಕೊಡುತ್ತವೆ ಎಂದು ನಾನು ಜೀವಮಾನವಿಡೀ ನಂಬಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಸಿಡಿಲಪ್ಪನ ಆ ಭವ್ಯ ಸಾವನ್ನು ಓದಿ ನಾವು ಕಣ್ಣೊರೆಸಿಕೊಂಡು, ಇನ್ನೇನೂ ಬಾಕಿಯಿಲ್ಲ ಎಂಬಂತೆ ಮನೆಗೆ ಹೋಗಿದ್ದೆವು. ಕೆಟ್ಟ ಕಥೆ ಹಾಗೆ ಕಳಿಸಿಕೊಡುವುದಿಲ್ಲ, ಮುಂದಿನದಕ್ಕೆ ಕಾಯಿಸುತ್ತದೆ. ನಿರಾಶೆಯಾಗಬೇಕಾದರೂ ಒಳಗೆ ಆಸೆ ಇರಬೇಕಲ್ಲ.

ಮೊನ್ನೆ ಮತ್ತೊಂದು ಭಾಗ ಬಂತು. ಸಿಡಿಲಪ್ಪನ ಜನ್ಮವೈರಿ ಅವನ ಕಳೆದುಹೋದ ಅವಳಿ ತಮ್ಮನಂತೆ. ಮೌಲಾಸಾಬರು ಕೂಗಾಡಿದ್ದು ಓಣಿಗೆಲ್ಲ ಕೇಳಿಸಿತು. ಹೀಗೆ ಸಿಟ್ಟಾದರೆ ಎದೆಗೆ ಒಳ್ಳೆಯದೇ ಎಂದು ಖೈರುನ್‌ಬಿ ನನ್ನನ್ನು ಕೇಳಿದರು. ಭಾಳ ಛಲೋರೀ ತಂಗ್ಯವ್ವಾ ಎಂದೆ. ಮುಂದಿನ ಭಾಗಕ್ಕೆ ಮಗಳು ಆಗಲೇ ಹೇಳಿಟ್ಟಿದ್ದಾಳೆ. ಅದೂ ಕೆಟ್ಟದಾಗಿಯೇ ಇರಲಿ ಎಂಬುದು ನನ್ನ ಹಾರೈಕೆ. ಎಲ್ಲಾದರೂ ಚೆನ್ನಾಗಿದ್ದುಬಿಟ್ಟರೆ, ಈ ವಯಸ್ಸಿನಲ್ಲಿ ನಮಗೆ ತೃಪ್ತಿಯಾಗಿಬಿಡುವ ಅಪಾಯವಿದೆ.