ಕಣದ ಮೇಲಿನ ಟೆಂಟು

ನನ್ನ ಮೊದಲ ತಕರಾರು ಬೋರ್ಡಿನ ಬಗ್ಗೆ ಇತ್ತು. 'ಜ್ವಾಲಾಮುಖಿ ಸರೋವರ ಕ್ಯಾಂಪ್' ಎಂದು ಕೆಂಪು ಬಣ್ಣದಲ್ಲಿ ಬರೆಸಿ, ಪಕ್ಕದಲ್ಲಿ ಹೊಗೆ ಉಗುಳುವ ಒಂದು ಗುಡ್ಡವನ್ನೂ ಬಿಡಿಸಿ, ಅಕ್ಕ ಅದನ್ನು ಹೊಲದ ಬದುವಿನಲ್ಲಿ ನೆಡಿಸಿದ್ದಳು. ಸವದತ್ತಿಯಿಂದ ಟಂಟಂನಲ್ಲಿ ಮೈಯೆಲ್ಲ ಧೂಳು ಮಾಡಿಕೊಂಡು ಬಂದು ಇಳಿದವಳಿಗೆ ಮೊದಲು ಕಂಡದ್ದೇ ಆ ಗುಡ್ಡ. ಸುತ್ತ ನೋಡಿದೆ. ಕಣ್ಣು ಹಾಯುವಷ್ಟು ದೂರ ಕರಿ ಎರೆಹೊಲ, ಜೋಳ ಕೊಯ್ದ ಕೂಳೆ, ಅದರಾಚೆ ಮಲಪ್ರಭೆಯ ಹಿನ್ನೀರು, ನೀರಿನ ಅಂಚಿಗೆ ಎಮ್ಮೆಗಳ ಹಾಗೆ ಮಲಗಿದ ಕರಿಗಲ್ಲುಗಳು. ಹೊಗೆ ಎಲ್ಲೂ ಇರಲಿಲ್ಲ.

"ಜ್ವಾಲಾಮುಖಿ ಎಲ್ಲೈತಿ?" ಎಂದು ಕೇಳಿದೆ.

"ನೀನ ಹೇಳಿದ್ದಿ, ಈ ಕಲ್ಲು ಜ್ವಾಲಾಮುಖಿದು ಅಂತ."

"ಕಲ್ಲಷ್ಟ ಅಕ್ಕಾ. ಕೋಟಿಗಟ್ಟಲೆ ವರ್ಷದ ಹಿಂದ ನೆಲ ಸೀಳಿ ಹರದ ಲಾವಾ ಆರಿ ಕಲ್ಲಾಗೇತಿ. ಗುಡ್ಡ ಇದ್ದಿಲ್ಲ, ಹೊಗಿ ಇಲ್ಲ. ಮತ್ತ ಇದು ಸರೋವರನೂ ಅಲ್ಲ, ಡ್ಯಾಮಿನ ಹಿನ್ನೀರು. ಮೂರು ಶಬ್ದದಾಗ ಎರಡು ಸುಳ್ಳು."

"ಕ್ಯಾಂಪ್ ಅನ್ನೂದರೆ ಖರೆ ಐತಿಲ್ಲ?"

ಅದೂ ಇನ್ನೂ ಖರೆಯಾಗಿರಲಿಲ್ಲ. ಟೆಂಟುಗಳು ಮನೆಯ ಪಡಸಾಲೆಯಲ್ಲಿ ಚೀಲದೊಳಗೇ ಇದ್ದವು.

ಅಕ್ಕ ಎಂದರೆ ನನ್ನ ದೊಡ್ಡವ್ವನ ಮಗಳು. ನಾವು ಬೈಲಹೊಂಗಲದವರು, ಅವಳನ್ನು ಈ ಹಿನ್ನೀರಿನ ದಂಡೆಯ ಊರಿಗೆ ಕೊಟ್ಟಿದ್ದಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್‌ಗಳನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಗಳ ಬಿದ್ದಾಗ ಮಾತ್ರ ನನ್ನ ನೆನಪಾಗುತ್ತದೆ. ಅಕ್ಕನೂ ಫೋನಿನಲ್ಲಿ ಸುತ್ತಿ ಬಳಸಿ ಮಾತಾಡಲಿಲ್ಲ: "ಎರಡ ದಿನ ಬಾ. ನನ್ನ ಮಾತು ಇಲ್ಲಿ ನಡಿಯೂದಿಲ್ಲ, ನಿನ್ನ ಬಾಯಿ ಬೇಕಾಗೇತಿ."

ಬೇಕಾಗಿದ್ದು ಒಂದು ಕಣಕ್ಕಾಗಿ. ಎರೆಮಣ್ಣಿನ ಮೇಲೆ ಟೆಂಟು ನಿಲ್ಲುವುದಿಲ್ಲ ಎಂಬುದನ್ನು ಅಕ್ಕ ಟೆಂಟು ಕೊಂಡ ಮೇಲೆ ಕಂಡುಕೊಂಡಿದ್ದಳು. ಬಿಸಿಲಿಗೆ ಆ ಮಣ್ಣು ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಗೂಟ ಹೊಡೆದರೆ ಒಳಗೇ ಮಾಯ, ಹೆಂಟೆಯ ಮೇಲೆ ಹೊಡೆದರೆ ಹೆಂಟೆಯ ಸಮೇತ ಎದ್ದು ಬರುತ್ತದೆ. ಒಮ್ಮೆ ಪರೀಕ್ಷೆಗೆಂದು ಹಾಕಿದ ಟೆಂಟನ್ನು ಮಧ್ಯಾಹ್ನದ ಗಾಳಿ ನೀರಿನವರೆಗೂ ಉರುಳಿಸಿಕೊಂಡು ಹೋಗಿತ್ತಂತೆ. ಇಡೀ ಹೊಲದಲ್ಲಿ ಗಟ್ಟಿ ನೆಲ ಎಂದರೆ ಮೇಲಿನ ಅಂಚಿನ ಕಣವೊಂದೇ. ನೀರು ಹೊಡೆದು, ಎತ್ತು ತಿರುಗಿಸಿ ತುಳಿಸಿ, ಸಗಣಿ ಸಾರಿಸಿ ಮಾಡಿದ ನೆಲ ಅದು. ಜೋಳದ ರಾಶಿ ಆಗಲೇ ಮನೆ ಸೇರಿತ್ತು, ಪಕ್ಕದಲ್ಲಿ ಕಣಿಕೆಯ, ಎಂದರೆ ಒಣಗಿದ ಜೋಳದ ದಂಟಿನ, ಬಣವೆ ಒಟ್ಟಾಗಿತ್ತು. ರಾಶಿ ಮುಗಿದ ಮೇಲೆ ಕಣವನ್ನೂ ಹರಗಿ, ಮಣ್ಣು ಸಡಿಲಿಸಿ, ಮತ್ತೆ ಹೊಲಕ್ಕೆ ಸೇರಿಸುವುದು ಆ ಮನೆಯ ಪದ್ಧತಿ.

ಈ ವರ್ಷ ಅದನ್ನು ತನಗೆ ಬಿಡಬೇಕೆಂದು ಅಕ್ಕ ತನ್ನ ಮಾವನನ್ನು ಕೇಳಿದ್ದಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳು ತನಗಾಗಿ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಭಾವ ಬಸ್ಸಿನ ಡ್ಯೂಟಿ ಮೇಲೆ ಧಾರವಾಡದಲ್ಲಿದ್ದುಕೊಂಡು, "ನಿಮ್ಮ ನಿಮ್ಮೊಳಗ ಬಗಿಹರಿಸ್ಕೋರಿ" ಎಂದು ಫೋನಿನಲ್ಲೇ ಕೈ ತೊಳೆದುಕೊಂಡಿದ್ದರು. ಮಾವ ಇಲ್ಲ ಎನ್ನಲಿಲ್ಲ, ಒಂದು ಕರಾರು ಹಾಕಿದರು. ಮಂಗಳವಾರ ಟ್ರ್ಯಾಕ್ಟರ್ ಬರುತ್ತದೆ. ಅಷ್ಟರೊಳಗೆ ಬಂದ ಮಂದಿ ಒಂದು ರಾತ್ರಿ ಇದ್ದು, ಮತ್ತೆ ಬರುತ್ತೇವೆಂದು ತಾವಾಗಿಯೇ ಹೇಳಿ ಹೋದರೆ ಕಣ ಅಕ್ಕನದು. ಇಲ್ಲದಿದ್ದರೆ ಹರಗುವುದೇ.

"ಮಂಗಳವಾರನ ಯಾಕ್ರಿ ಮಾವಾರ? ಸೋಮವಾರ ಎತ್ತು ಹೂಡೂದಿಲ್ಲ, ಅದು ಗೊತ್ತೈತಿ. ಟ್ರ್ಯಾಕ್ಟರಿಗೂ ಸೋಮವಾರ ಐತೇನ್ರಿ?"

"ಅದಕ್ಕಿಲ್ಲ ತಂಗಿ. ನನಗೈತಿ."

ಹೀಗೆ ಉತ್ತರ ಕೊಡುವವರ ಜೊತೆ ಹೇಗೆ ವಾದ ಮಾಡುವುದು?

ಶನಿವಾರ ಬೆಳಿಗ್ಗೆ ನಾನೂ ಅಕ್ಕನೂ ಕಣದ ಮೇಲೆ ಟೆಂಟು ಎಬ್ಬಿಸಿದೆವು. ಗೂಟಗಳು ಗಟ್ಟಿಯಾಗಿ ಕೂತವು. ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಅದನ್ನೇ ನೋಡುತ್ತ ನಿಂತಿದ್ದಾಗ ಅವಳ ಅತ್ತೆ ಬುಟ್ಟಿ ಹೊತ್ತು ಬಂದು ಕಣದ ಅಂಚಿಗೆ ನಿಂತರು. ಬುಟ್ಟಿ ಇಳಿಸಲಿಲ್ಲ. ನನ್ನ ಕಾಲು ನೋಡಿದರು.

"ಚಪ್ಪಲಿ."

ಕಣದಲ್ಲಿ ಚಪ್ಪಲಿ ಹಾಕುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಅದು ರಾಶಿ ಇದ್ದಾಗಿನ ಮಾತು ಎಂಬುದು ನನ್ನ ವಾದ. "ಅತ್ತಿ, ಮರ್ಯಾದಿ ಕಾಳಿಗಿ. ಕಾಳು ಮನಿಗಿ ಹ್ವಾತು. ಈಗಿದು ಬರೇ ನೆಲ."

"ಉಂಡ ಮ್ಯಾಲ ಗಂಗಾಳದಾಗ ಕಾಲಿಡತೀಯೇನವಾ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ. ಗಂಗಾಳದಾಗ ನಾಳಿ ಮತ್ತ ಉಣ್ಣೂದೈತಿ."

"ಮುಂದಿನ ವರ್ಷ ನಾವೂ ಉಣ್ಣೂದೈತಿ," ಎಂದರು ಅತ್ತೆ.

ಅಕ್ಕ ನನ್ನ ಮೊಣಕೈ ಹಿಡಿದು ಜಗ್ಗಿದಳು. ಚಪ್ಪಲಿ ಬಿಟ್ಟೆ. ತೀರ್ಪುಗಾರರಿದ್ದಿದ್ದರೆ ಆ ಸುತ್ತು ಯಾರದಾಗುತ್ತಿತ್ತೆಂದು ನಾನು ಇಲ್ಲಿ ಹೇಳಲು ಹೋಗುವುದಿಲ್ಲ.

ಅತಿಥಿಗಳು ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಬೆಳಗಾವಿಯ ಗಂಡ ಹೆಂಡತಿ. ಇಬ್ಬರ ಕಾಲಿಗೂ ಮೊಣಕಾಲಿನ ಹತ್ತಿರದವರೆಗೆ ಲೇಸು ಕಟ್ಟಿದ ಬೂಟು. ಗಂಡ ಕಾರಿನಿಂದ ಇಳಿಯುತ್ತಲೇ, "ನಮಗ ಯಾರೂ ಬ್ಯಾಡ್ರಿ. ಒಟ್ಟ ಶಾಂತ ಇದ್ರ ಸಾಕು. ಅದಕ್ಕ ಇಷ್ಟ ದೂರ ಬಂದೇವಿ," ಎಂದರು. ಮೊದಲ ಶಾಂತಿ ಅವರಿಗೆ ಅತ್ತೆಯ ಅಪ್ಪಣೆಯಂತೆ ಬದುವಿನಲ್ಲೇ ಬೂಟು ಬಿಚ್ಚುವುದರಲ್ಲಿ ಕಳೆಯಿತು. ಬರಿಗಾಲಲ್ಲಿ ಕಣ ತಲುಪುವಷ್ಟರಲ್ಲಿ ಆತ ಕೂಳೆ ಚುಚ್ಚಿಸಿಕೊಂಡು ಮೂರು ಸಲ ಕುಣಿದರು. ಹೆಂಡತಿ ನಕ್ಕದ್ದನ್ನು ಆತ ನೋಡಿದರು.

ಅವರನ್ನು ಅವರ ಪಾಡಿಗೆ ಬಿಡಬೇಕು, ಅವರು ಹಣ ಕೊಡುವುದೇ ಅದಕ್ಕೆ ಎಂದು ನಾನು ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದೆ. ಅತ್ತೆ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಂಡು ಹೊರಟರು. ಕೊಟ್ಟು ಬರುತ್ತಾರೆ ಎಂದುಕೊಂಡೆ. ಕೂತರು. ನಮ್ಮ ಕಡೆ, ಮನೆಗೆ ಬಂದವರನ್ನು ಅವರಷ್ಟಕ್ಕೇ ಕೂತು ಉಣ್ಣಲು ಬಿಟ್ಟರೆ ಅದು ಅವಮಾನ, ಹಗೆಯವರಿಗೂ ಹಾಗೆ ಮಾಡುವುದಿಲ್ಲ. ಅತ್ತೆಯ ತಲೆಯಲ್ಲಿ ಇನ್ನೂ ಒಂದು ಸಂಶಯ ಓಡುತ್ತಿತ್ತು. ನಾನು ನೀರಿನ ಕೊಡ ತಂದು ಇಡುವಾಗ ಅದು ಹೊರಬಿತ್ತು.

"ಬೆಳಗಾಂವದಾಗ ಸ್ವಂತ ಮನಿ ಐತೇನವಾ?"

"ಐತ್ರಿ," ಎಂದರು ಆಕೆ.

"ಮ್ಯಾಲ ಫ್ಯಾನ್ ಐತಿ?"

"ಎಲ್ಲಾ ಐತ್ರಿ."

"ಅಷ್ಟ ಇದ್ದೂ ಬಯಲಾಗ ಮಲಗಾಕ ಬಂದೀರಿ ಅಂದ್ರ..." ಅತ್ತೆ ದನಿ ಇಳಿಸಿದರು. "ಅತ್ತಿ ಜೋಡಿ ಮಾತು ಬಿಟ್ಟೀಯೇನ?"

"ಅತ್ತಿ!" ಎಂದು ನಾನು ಕೂಗಿದ್ದು ನೀರಿನಾಚೆಗೂ ಕೇಳಿಸಿರಬೇಕು. ಗಂಡ ರೊಟ್ಟಿ ಮುರಿಯುತ್ತ ತಲೆ ಎತ್ತಲಿಲ್ಲ. ಹೆಂಡತಿ ಎಣ್ಣೆಗಾಯಿಯ ಕಡೆ ನೋಡುತ್ತ, "ಹಂಗೇನಿಲ್ರಿ," ಎಂದರು. ಆ 'ಹಂಗೇನಿಲ್ಲ' ಬರಲು ತುಸು ತಡವಾಯಿತು. ಅತ್ತೆ ನನ್ನನ್ನು ನೋಡಿದ ನೋಟ ನನಗೆ ಒಟ್ಟೂ ಸೇರಲಿಲ್ಲ.

ನಿಜವಾದ ಪೇಚು ಹೊತ್ತು ಮುಳುಗುವಾಗ ಬಂತು. ಆತ ಕಾರಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಟ್ಟಿಗೆಯ ಕಟ್ಟೊಂದನ್ನು ಇಳಿಸಿದರು. ಹೊಲದವರ ಮನೆಗೆ ಕಟ್ಟಿಗೆ ಕೊಂಡು ತಂದದ್ದನ್ನು ನೋಡಿ ಮಾವ ಮೀಸೆಯೊಳಗೇ ನಕ್ಕರು. ಆದರೆ ಆತ ಅದನ್ನು ಟೆಂಟಿನ ಮುಂದೆ ಒಟ್ಟತೊಡಗಿದಾಗ ಯಾರೂ ನಗಲಿಲ್ಲ. ಬಣವೆ ಅಲ್ಲಿಂದ ಒಂದು ಕಿಡಿ ಹಾರುವಷ್ಟೇ ದೂರ. ನೀರಿನ ಮೇಲಿಂದ ಗಾಳಿ ಎದ್ದಿತ್ತು.

"ಇಲ್ಲಿ ಬ್ಯಾಡ್ರಿ," ಎಂದರು ಮಾವ.

"ಜಾಹೀರಾತಿನ್ಯಾಗ ಟೆಂಟಿನ ಮುಂದ ಬೆಂಕಿ ಅಂತ ಹಾಕೀರಲ್ರಿ? ಫೋಟೋನೂ ಐತಿ."

ಫೋಟೋ ಅಕ್ಕ ಎಲ್ಲಿಂದಲೋ ತೆಗೆದು ಹಾಕಿದ್ದು. ಅವಳ ಮುಖ ನನಗೆ ನೋಡಲಾಗಲಿಲ್ಲ. ಅಷ್ಟರಲ್ಲಿ ಅತ್ತೆ ಹೋಗಿ, ಆತ ಕಟ್ಟಿಗೆ ಜೋಡಿಸಿದ್ದ ಜಾಗಕ್ಕೇ, ಕಟ್ಟಿಗೆಗೆ ಬೆನ್ನು ಹಚ್ಚಿ ಕೂತುಬಿಟ್ಟರು. ಸೆರಗು ಸರಿ ಮಾಡಿಕೊಂಡು, "ಹಚ್ಚರಿ ಈಗ," ಎಂದರು.

ಈ ಸಲ ನಾನು ಅತ್ತೆಯ ಪಕ್ಷ. ಕಣದ ಮರ್ಯಾದೆಯ ಕಾರಣಕ್ಕಲ್ಲ, ಗಾಳಿಯ ಕಾರಣಕ್ಕೆ. ಬಣವೆ ಎಂದರೆ ದನಗಳ ಇಡೀ ಬೇಸಿಗೆಯ ಹೊಟ್ಟೆ, ಒಂದು ಕಿಡಿ ಸಾಕು ಎಂದೆ. ತಾನು ಎಷ್ಟೋ ಕಡೆ ಹಚ್ಚಿದ್ದೇನೆ, ಎಲ್ಲೂ ಏನೂ ಆಗಿಲ್ಲ ಎಂದರು ಆತ. "ಆಗಿಲ್ಲ ಅನ್ನೂದು ಆಗೂದಿಲ್ಲ ಅನ್ನೂದಕ್ಕ ಪುರಾವಾ ಅಲ್ರಿ," ಎಂದೆ. ವಾದದಲ್ಲಿ ಅದು ಸರಿಯಾದ ಮಾತು. ಆತ ಅದನ್ನು ಕೇಳಿ ಬಗ್ಗಿ ಟೆಂಟಿನ ಮೊದಲ ಗೂಟ ಕಿತ್ತರು.

"ನಾವು ಹೋಗತೇವ್ರಿ. ಕಾಲಾಗ ಬೂಟಿಲ್ಲ, ಮುಂದ ಬೆಂಕಿಲ್ಲ, ಶಾಂತಿ ಅಂತೂ ಮೊದಲ ಇಲ್ಲ."

ಎರಡನೆಯ ಗೂಟಕ್ಕೆ ಆತ ಕೈ ಹಾಕಿದಾಗ ಅಕ್ಕ ನನ್ನ ಕಡೆ ತಿರುಗಿದಳು. ಬೈಲಹೊಂಗಲದಿಂದ ನನ್ನನ್ನು ಕರೆಸಿದ್ದು ಯಾತಕ್ಕೆಂದು ಇಬ್ಬರಿಗೂ ಗೊತ್ತಿತ್ತು.

ಬಾಯಿಗೆ ಬಂದದ್ದು ಆ ಹಾಳು ಬೋರ್ಡು. "ನೀವು ಬೋರ್ಡಿನ ಮ್ಯಾಲ ಜ್ವಾಲಾಮುಖಿ ಅಂತ ಓದೀರಲ್ರಿ? ಹಂಗಾದ್ರ ಇಲ್ಯಾಕ ಕುಂಡ್ರತೀರಿ? ಇದು ಎಲ್ಲಾರ ಹೊಲದಾಗೂ ಇರೂ ಕಣ. ಕೆಳಗ ನೀರಿನ ದಂಡಿಗೆ ಕಾಣತಾವಲ್ಲ, ಆ ಕಲ್ಲು ಒಂದ ಕಾಲಕ್ಕ ಬೆಂಕಿನ ಆಗಿದ್ದುವು. ನೆಲದ ಹೊಟ್ಟಿಯೊಳಗಿಂದ ಕರಗಿ, ಕೆಂಪಗ ಹರಕೋತ ಬಂದು ಇಲ್ಲಿ ಆರಿ ನಿಂತಾವು. ಬೆಂಕಿ ಮ್ಯಾಲ ಬೆಂಕಿ ಹಚ್ಚಿ ಕುಂಡ್ರೂದು ಬಿಟ್ಟು ಹುಲ್ಲಿನ ಬಗಲಾಗ ಯಾಕ್ರಿ?"

ಬಂದಾಗಿನಿಂದ ಸುಳ್ಳು ಎಂದು ಸಾಧಿಸುತ್ತಿದ್ದ ಬೋರ್ಡಿನ ವಕೀಲಿಕೆ ನಾನೇ ಮಾಡುತ್ತಿದ್ದೆ, ಅದೂ ಕೈ ಬೀಸಿ. ಹೆಂಡತಿ ಕಟ್ಟಿಗೆಯ ಅರ್ಧ ಕಟ್ಟನ್ನು ಎತ್ತಿಕೊಂಡು ಕೆಳಗೆ ನಡೆದೇಬಿಟ್ಟರು. ಗಂಡ ಎರಡನೆಯ ಗೂಟದ ಮೇಲಿಂದ ಕೈ ತೆಗೆದು, ಉಳಿದರ್ಧ ಎತ್ತಿಕೊಂಡರು. ದಾರಿಯಲ್ಲಿ ಬೂಟಿನ ಹತ್ತಿರ ನಿಂತು ಒಂದನ್ನು ಕೈಗೆ ತೆಗೆದುಕೊಂಡರು.

ಮಾವ ನನ್ನ ಬಗಲಿಗೆ ಬಂದರು. "ತಂಗಿ, ಕಲ್ಲು ಹಂಗಂತಿ. ಎರಿ ಮಣ್ಣು?"

"ಅದೂ ಅದರದ ರೀ ಮಾವಾರ. ಆ ಕಲ್ಲು ಪುಡಿಯಾಗೇ ಎರಿ ಆಗೇತಿ."

ಅತ್ತೆ ಕೂತಲ್ಲಿಂದ ಎದ್ದರು. "ಅಂದ್ರ ಅಗ್ನಿನ ಆರಿ ಕಲ್ಲಾತು, ಕಲ್ಲಿಂದ ಜ್ವಾಳಾತು."

"ಒಂದು ರೀತೀಲೆ ಹಂಗ ಅನಬಹುದ್ರಿ, ಆದ್ರ..."

ನನ್ನ 'ಆದ್ರ' ಕೇಳಲು ಅತ್ತೆ ಅಲ್ಲಿರಲಿಲ್ಲ. ಕಲ್ಲುಗಳ ಕಡೆ ದಾಪುಗಾಲು ಹಾಕುತ್ತ ಕೂಗುತ್ತಿದ್ದರು: "ಏ ಅಪ್ಪಾ! ಅಲ್ಲೂ ಬೂಟ ಬ್ಯಾಡ್ರಿ!"

ಕಣಕ್ಕಷ್ಟೇ ಇದ್ದ ನಿಷೇಧವನ್ನು ನನ್ನ ವಿಜ್ಞಾನ ನೀರಿನವರೆಗೂ ವಿಸ್ತರಿಸಿತ್ತು. ಆತ ಬೂಟನ್ನು ಕೆಳಗಿಟ್ಟರು. ಹೆಂಡತಿ ಕಲ್ಲಿನ ಮೇಲೆ ಬರಿಗಾಲು ಇಟ್ಟವರೇ, "ಅಯ್ಯ, ಇನ್ನೂ ಬಿಸಿ ಐತ್ರಿ!" ಎಂದರು. ಅತ್ತೆ ಗೆದ್ದವರ ಹಾಗೆ ನನ್ನ ಕಡೆ ನೋಡಿದರು.

"ಅದು ಬಿಸಲಿನ ಬಿಸಿ," ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಬಗ್ಗಿ ಬಗ್ಗಿ ಕಲ್ಲು ಮುಟ್ಟುತ್ತಿದ್ದರು. ಮಾವ ಕೂಡ.

ರವಿವಾರ ಬೆಳಿಗ್ಗೆ ನಾವು ಚಹಾ ತೆಗೆದುಕೊಂಡು ಹೋಗುವಷ್ಟರಲ್ಲಿ ಆತ ಸಾಮಾನು ಕಾರಿಗೆ ಏರಿಸಿ, ಹಿಮ್ಮಡಿ ಹಿಡಿದುಕೊಂಡು ಕೂತಿದ್ದರು. ನೆಗ್ಗಿಲ ಮುಳ್ಳು. ಅತ್ತೆ ತಾಳಿಯ ಸರದಲ್ಲಿದ್ದ ಪಿನ್ನು ಬಿಚ್ಚಿ, ಆತ ಬೇಡ ಬೇಡ ಎನ್ನುತ್ತಿರುವಾಗಲೇ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಮುಳ್ಳು ತೆಗೆದರು. ಮಾವ ಗಂಟಲು ಸರಿ ಮಾಡಿಕೊಂಡು ಕೇಳಿದರು:

"ಮತ್ತ ಬರತೀರೇನ್ರಿ?"

"ಮಾವಾರ, ಹಂಗ ಕೇಳಂಗಿಲ್ಲ," ಎಂದೆ. "ಅವರು ತಾವಾಗೇ ಅನಬೇಕು. ಕರಾರು ನಿಮ್ಮದ."

ಅಕ್ಕ ನನ್ನ ರಟ್ಟೆ ಚಿವುಟಿದಳು. ಆ ಗುರುತು ಬಹಳ ದಿನ ಇತ್ತು.

"ನೋಡೂಣ್ರಿ," ಎಂದು ಆತ ಕಾರು ಹತ್ತಿದರು. ನಮ್ಮ ಕಡೆ 'ನೋಡೂಣ' ಎಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಅಕ್ಕ ಖಾಲಿ ಚಹಾ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದಳು. ಕಾರು ತಿರುಗಿತು, ಬೋರ್ಡಿನ ಹತ್ತಿರ ನಿಂತಿತು. ಕಿಟಕಿಯಿಂದ ಆಕೆಯ ತಲೆ ಹೊರಬಂತು.

"ಇವರು ಬರಲಿಲ್ಲಂದ್ರ ಬಿಡ್ರಿ. ನಾ ನಮ್ಮ ಅತ್ತಿನ ಕರ್ಕೊಂಡ ಬರತೇನಿ. ಮಾತಾಡಿ ಭಾಳ ದಿನಾ ಆತು."

"ನಾ ಅನಲಿಲ್ಲೇನ!" ಎಂದು ಅತ್ತೆ ಚಪ್ಪಾಳೆ ಹೊಡೆದರು.

ಆದರೆ ಮಾವ ತೀರ್ಪು ಹೇಳಲಿಲ್ಲ. ಒಬ್ಬರು ಅಂದರು, ಒಬ್ಬರು ಅನ್ನಲಿಲ್ಲ, ನೋಡೋಣ ಎಂದರು. ಮತ್ತೆ ಅದೇ 'ನೋಡೂಣ'. ಸೋಮವಾರ ಪೂರ್ತಿ ಅವರ ಬೆನ್ನು ಹತ್ತಿ ವಾದಿಸಿದೆ. ಕರಾರಿನಲ್ಲಿ ಇಬ್ಬರೂ ಎಂಬ ಶಬ್ದವಿಲ್ಲ ಎಂದೆ, ಬರುವವರ ಸಂಖ್ಯೆ ಅಷ್ಟೇ ಉಳಿಯುತ್ತದೆ ಎಂದೆ. ಅವರು ಎತ್ತುಗಳ ಮೈ ತೊಳೆಯುತ್ತ ಹೂಂ ಹೂಂ ಎಂದರು. ಅಕ್ಕ ಹೋಗಿ ಕಣ ಗುಡಿಸಿ ಬಂದಳು. ಹರಗುವ ನೆಲವನ್ನು ಯಾಕೆ ಗುಡಿಸುತ್ತೀ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಮಂಗಳವಾರ ಟ್ರ್ಯಾಕ್ಟರ್ ಬಂತು. ಮಾವ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಹೋಗಿ ಕಣದ ಅಂಚಿನಲ್ಲಿ ನಿಂತರು. ಟ್ರ್ಯಾಕ್ಟರು ಕೂಳೆಯನ್ನು ಮಗುಚುತ್ತ ನೇರ ಅವರ ಕಡೆಗೇ ಬಂತು. ಅವರು ಸರಿಯಲಿಲ್ಲ. ಕೈ ಎತ್ತಿ ಬಲಕ್ಕೆ ಬೀಸಿದರು. ಟ್ರ್ಯಾಕ್ಟರು ಹೊರಳಿತು. ಮುಂದಿನ ಸಾಲಿನಲ್ಲೂ ಹೊರಳಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಹೊಲ ಕರ್ರಗೆ ಎದ್ದು ಬಿದ್ದಿತ್ತು, ಮೇಲಿನ ಅಂಚಿನಲ್ಲಿ ಕಣ ಮಾತ್ರ ದುಂಡಗೆ, ಬೂದು ಬಣ್ಣಕ್ಕೆ ಉಳಿದಿತ್ತು.

ಅತ್ತೆ ನನ್ನ ಕೈಗೆ ಬಣ್ಣದ ಡಬ್ಬಿ ಕೊಟ್ಟರು. ಬೋರ್ಡಿನ ಮೇಲೆ ಚಪ್ಪಲಿಯ ವಿಷಯ ಬರೆಯಬೇಕು, ಬೆಂಕಿಯದೂ. ಹಾಗಾದರೆ ಹೊಗೆಯಾಡುವ ಗುಡ್ಡವನ್ನು ಅಳಿಸುತ್ತೇನೆ, ಅದು ಅಪ್ಪಟ ಸುಳ್ಳು ಎಂದೆ. "ಇರಲಿ ಬಿಡವಾ, ಚಂದ ಕಾಣತೈತಿ," ಎಂದರು. 'ಚಪ್ಪಲಿ, ಬೂಟು ಇಲ್ಲೇ ಬಿಡಬೇಕು. ಬೆಂಕಿ ಕಲ್ಲಿನ ಮೇಲೆ ಮಾತ್ರ' ಎಂದು ಗುಡ್ಡದ ಕೆಳಗೆ ಬರೆದೆ. ಬೋರ್ಡು ದೂರದಿಂದ ಹೇಗೆ ಕಾಣುತ್ತದೆಂದು ನೋಡಲು ಕುಂಚ ಹಿಡಿದುಕೊಂಡೇ ಕಣದ ಮೇಲೆ ಹತ್ತಿದೆ.

"ಏ, ಕಾಲಾಗ ಏನೈತಿ?"

ಅತ್ತೆಯೇ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡು ತಿರುಗಿದೆ. ಟೆಂಟಿನ ಗೂಟ ಹೊಡೆಯುತ್ತಿದ್ದ ಅಕ್ಕ ಸುತ್ತಿಗೆ ಎತ್ತಿ ಹಿಡಿದು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.