ಸಾವಂತ್ರಿ ಕಾಕು ಹೆಣೆದ ಹಳದಿ ಪಟ್ಟಿ

ಸಾವಂತ್ರಿ ಕಾಕು ಕೂಸಿನ ಮುಖ ನೋಡುವ ಮೊದಲು ಎದೆ ಅಳೆಯುತ್ತಿದ್ದರು. ಟೇಪು ಗೀಪು ಏನಿಲ್ಲ, ಕೈಯಲ್ಲೇ. ಬನಹಟ್ಟಿಯ ನಮ್ಮ ಓಣಿಗೆ ಯಾವ ಬಾಣಂತಿ ಬಂದರೂ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೇಣು ಚಾಚುವರು, ಉಳಿದದ್ದಕ್ಕೆ ಬೆರಳು ಇಡುವರು. "ಒಂದೂವರಿ ಗೇಣು, ಮ್ಯಾಲ ಎರಡು ಬಟ್ಟ. ಮೈ ಅಪ್ಪನಂಗ ಸಣಕಲ, ಬಾಯಿ ಮಾತ್ರ ಅವ್ವಂದು!" ಓಣಿಯ ತುಂಬ ಮಗ್ಗಗಳ ಸದ್ದು. ಅದರ ಮೇಲೆ ಕೂಗಿ ಕೂಗಿ ಅವರಿಗೆ ಮೆತ್ತಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು.

ಅಳತೆ ಆದ ಮರುದಿನದಿಂದ ಕಟ್ಟೆಯ ಮೇಲೆ ಸ್ವೆಟರ್ ಶುರು. ಸೈಕಲ್ ಕಡ್ಡಿ ತಿಕ್ಕಿ ಮಾಡಿಕೊಂಡ ಎರಡು ಸೂಜಿ. ಎಲ್ಲ ಸಾಲೂ ಸುಲ್ಟಾ, ಅಂದರೆ ನೇರ ಹೆಣಿಕೆ, ಉಲ್ಟಾ ಅನ್ನುವುದೇ ಇಲ್ಲ. ಎರಡೂ ಬದಿ ಒಂದೇ ಥರ ಗೀರು ಗೀರು. ನಾಲ್ಕು ಸಾಲಿಗೊಮ್ಮೆ ಬಣ್ಣ ಬದಲು. ನಾನೂ ಒಮ್ಮೆ ಕಲಿಯಲು ಕೂತಿದ್ದೆ. ಒಂದು ವಾರ ಹೆಣೆದದ್ದನ್ನು ಒಂದೇ ಎಳೆತಕ್ಕೆ ಬಿಚ್ಚಿ ಹಾಕಿದರು. "ಇದು ಸ್ವೆಟರೋ, ಮೀನ ಹಿಡಿಯೋ ಬಲಿಯೋ? ನೀ ಜಮಖಂಡಿ ಬಸ್ ಹತ್ತಿ ಆಫೀಸಿಗೆ ಹೋಗು ಯವ್ವಾ. ನಿನ್ನ ಕೈ ಫೈಲ್ ಬರಿಯಾಕಷ್ಟ ಛಲೋ."

ಕಾಕುವಿನ ಒಂದು ಕಟ್ಟಳೆ ಇತ್ತು. ಹೊಸ ಕೂಸಿನ ಮನೆಯವರು ಒಂದೇ ಒಂದು ಬಣ್ಣದ ಹೊಸ ಉಲ್ಲನ್ ತರಬೇಕು. ಉಳಿದ ಪಟ್ಟಿಗಳೆಲ್ಲ ಓಣಿಯ ಹಳೆಯ ಮಕ್ಕಳವು. ಮಗು ಬೆಳೆದು ಸ್ವೆಟರ್ ಬಿಗಿಯಾದರೆ ವಾಪಸ್ ಕೊಡಬೇಕು. ಕಾಕು ಅದನ್ನು ಬಿಚ್ಚಿ, ತೊಳೆದು, ಎಳೆಯ ಸುರುಳಿ ನೆಟ್ಟಗಾಗಲಿ ಎಂದು ಕಲ್ಲು ಕಟ್ಟಿ ಇಳಿಬಿಟ್ಟು, ಮುಂದಿನ ಕೂಸಿಗೆ ಹೆಣೆಯುವರು. ಮುಧೋಳದಿಂದ ಬಂದಿದ್ದ ಒಬ್ಬ ಬೀಗಿತ್ತಿ, "ಹಳೇ ಉಲ್ಲನ್ ಯಾಕ್ರೀ, ಎಲ್ಲಾ ಹೊಸಾದ ತರಸ್ತೀವಿ" ಅಂದಳು. ಕಾಕು ಸೂಜಿ ಕೆಳಗಿಡಲಿಲ್ಲ. "ಹಂಗಾರ ಅಂಗಡಿಗೇ ಹೋಗ್ರಿ. ಇದರಾಗ ಬದುಕಿ ಬೆಳೆದ ಮಕ್ಕಳ ಎಳಿ ಅದಾವ. ಅದು ಅಂಗಡ್ಯಾಗ ಸಿಗಂಗಿಲ್ಲ."

ಬದುಕಿ ಬೆಳೆದ ಮಕ್ಕಳ ಎಳೆ. ಆಗ ನಾನೂ ನಕ್ಕಿದ್ದೆ.

ನನ್ನ ಮಗಳಿಗೆ ನಾನು ತಂದದ್ದು ಹಳದಿ. ಸೇವಂತಿಗೆಯ ಹಳದಿಯಲ್ಲ, ಅರಿಶಿನದ ಹಳದಿ. ಅವಳು ಆ ಸ್ವೆಟರ್ ಹಾಕಿಕೊಂಡದ್ದು ಒಂದೇ ಚಳಿಗಾಲ. ಹದಿನಾಲ್ಕು ತಿಂಗಳಿಗೆ ಜ್ವರ ಬಂತು, ನಾಲ್ಕು ದಿನ ಇತ್ತು, ಅವಳನ್ನು ಕರೆದುಕೊಂಡೇ ಹೋಯಿತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ವರ್ಷದ ಮೇಲೆ ನಾನೇ ಆ ಸ್ವೆಟರ್ ಹಿಡಿದುಕೊಂಡು ಕಾಕುವಿನ ಕಟ್ಟೆಗೆ ಹೋದೆ. ನಾಲ್ಕಾರು ಹೆಂಗಸರು ಕೂತಿದ್ದರು. "ಕಾಕು, ಇದನ್ನ ಬಿಚ್ಚಿ ಮುಂದಿನ ಕೂಸಿಗೆ ಹಾಕ್ರಿ" ಅಂದೆ. ನನಗೆ ಬೇಕಾಗಿದ್ದದ್ದು ಇಷ್ಟೇ. ಓಣಿಯಲ್ಲಿ ಓಡಾಡುವ ಯಾವುದಾದರೂ ಮಗುವಿನ ಮೈಮೇಲೆ ನನ್ನ ಮಗಳ ನಾಲ್ಕು ಸಾಲು ಇರಲಿ.

ಬಸುರಿ ಒಬ್ಬಳು ಸುಮ್ಮನೆ ಎದ್ದು ಒಳಗೆ ಹೋದಳು. ಕಾಕು ನನ್ನ ಕೈ ಹಿಡಿದರು. ಅವತ್ತು ಮೊದಲ ಸಲ ಅವರ ದನಿ ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗಿತ್ತು. "ಆಗಂಗಿಲ್ಲ ಯವ್ವಾ. ಮಂದಿ ಮಕ್ಕಳಿಗೆ ಹ್ಯಾಂಗ ಹಾಕಲಿ?"

"ನನ್ನ ಮಗಳು ರೋಗ ಆಗಿದ್ಲೇನ್ರೀ?" ಎಂದು ಚೀರಿದೆ. ಸ್ವೆಟರನ್ನು ಅವರ ಮಡಿಲಿಗೆ ಎಸೆದು ಬಂದೆ. ಎರಡು ವರ್ಷ ಅವರ ಮನೆಯ ಮುಂದೆ ಹಾಯಲಿಲ್ಲ. ಬಸ್‌ಸ್ಟ್ಯಾಂಡಿಗೆ ಸುತ್ತು ಹಾಕಿ ಹೋಗುತ್ತಿದ್ದೆ. ನಾನು ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ, ಮಾಡಿದೆ ಅಷ್ಟೇ.

ಆಮೇಲೆ ಕಾಕು ಹಾಸಿಗೆ ಹಿಡಿದರೆಂದು ಸುದ್ದಿ ಬಂತು. ಹೋಗದಿರಲು ಮನಸ್ಸು ಒಪ್ಪಲಿಲ್ಲ. ಬಾಗಿಲು ತೆರೆದದ್ದು ಅವರ ಸೊಸೆ, ರನ್ನ ಬೆಳಗಲಿಯ ಹುಡುಗಿ ಸುಜಾತಾ. ಅವಳ ಸೊಂಟದ ಮೇಲೆ ವರ್ಷದ ಗಂಡುಮಗು. ಮಗುವಿನ ಮೈಮೇಲೆ ಪಟ್ಟಿ ಪಟ್ಟಿ ಸ್ವೆಟರ್. ನಡುವೆ, ಸರಿಯಾಗಿ ಎದೆಯ ಮೇಲೆ, ಅರಿಶಿನದ ಹಳದಿ.

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಒಳಗಿನಿಂದ ಕಾಕು ಕರೆದರು. "ನೋಡಿದೇನು?"

"ನೋಡಿದೆ ಕಾಕು." ಒಳಗೆ ಹೋಗಿ ಹಾಸಿಗೆಯ ಬದಿಗೆ ಕೂತೆ.

"ಮಂದಿ ಕೂಸಿಗೆ ಹಾಕಾಕ ಧೈರ್ಯಾ ಆಗಲಿಲ್ಲ. ಮನೀ ಕೂಸು ಬರಲಿ ಅಂತ ಕಾದೆ." ಮಲಗಿದಲ್ಲೇ ಉಸಿರು ಎಳೆದುಕೊಂಡರು. "ಸೊಸಿನ್ನ ಕೇಳೇ ಹಾಕೀನಿ ಮತ್ತ. ಒಂದಿನಾ ಅತ್ತಳು. ಮರುದಿನ ಬಂದು, ಅಳತಿ ತಗೋರಿ ಅಂತ ಕೂಸಿನ್ನ ನನ್ನ ತೊಡಿ ಮ್ಯಾಲ ಹಾಕಿದ್ಲು."

"ನಿಮಗ ಅಂಜಿಕಿ ಆಗಲಿಲ್ಲೇನ್ರೀ?"

"ಆಗಲಿಲ್ಲ ಅಂದ್ರ ಸುಳ್ಳಾಕ್ಕೈತಿ. ಅದು ಒಮ್ಮೆ ಸೀನಿದ್ರ ನನ್ನ ಜೀವಾ ಹಾರ್ತಿತ್ತು. ಚಳಿಗಾಲ ಪೂರಾ ಅದರ ಹಣೀ ಮ್ಯಾಲಿನ ಕೈ ತಗದಿಲ್ಲ ನಾ." ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು. "ಹುಡುಗ ಗಟ್ಟಿ ಅದಾನ ನೋಡು. ಆ ಹಳದಿ ಈಗ ಬದುಕಿ ಬೆಳೆದ ಕೂಸಿನ ಎಳಿ. ಯಾರ ಮನಿಗಾದ್ರೂ ಹಾಕಬಹುದು. ಯಾರೂ ಒಲ್ಲೆ ಅನ್ನಂಗಿಲ್ಲ."

ನಾನು ಅತ್ತೆ. ತಪ್ಪಾಯಿತೆಂದು ಹೇಳಲು ಬಾಯಿ ತೆರೆದರೆ, "ಸಾಕು, ಮೊದಲ ಚಾ ಕುಡಿ" ಎಂದರು.

ಎಂಟು ದಿನಕ್ಕೆ ಕಾಕು ಹೋದರು. ಓಣಿಯಲ್ಲಿ ಈಗ ಹೆಣೆಯುವವರು ಯಾರೂ ಇಲ್ಲ. ಮಕ್ಕಳೆಲ್ಲ ಸಂತೆಯ ಜಿಪ್ ಜಾಕೆಟ್ ಹಾಕುತ್ತಾರೆ.

ಮೊನ್ನೆ ಸುಜಾತಾ ಮಗನನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಿದ್ದಳು. ಸ್ವೆಟರಿನ ತೋಳು ಮೊಣಕೈಗೆ ಏರಿತ್ತು, ಹೊಟ್ಟೆ ಹೊರಗೆ. "ಅಕ್ಕಾ, ಪೂರಾ ಬಿಗಿ ಆಗೇತ್ರಿ. ಬಿಚ್ಚಬೇಕಂದ್ರ ಮತ್ತ ಹೆಣಿಯೋರಿಲ್ಲ. ಏನ್ ಮಾಡಲ್ರಿ?"

ನಾನು ಸ್ವೆಟರಿನ ಅಂಚು ಹಿಡಿದು ಕೆಳಗೆ ಎಳೆದು ನೋಡಿದೆ. ಹೊಟ್ಟೆ ಮುಚ್ಚಲಿಲ್ಲ.

"ಇನ್ನೊಂದು ನಾಕು ದಿನ ಹಾಕು" ಅಂದೆ.