ಬಣ್ಣದ ಚೀಟಿ ಇಲ್ಲದ ಮೇಡಂ

ನನ್ನ ಹೆಂಡತಿ ಒಮ್ಮೆ ಕೆಮ್ಮಿದರೆ ನಾಲ್ಕು ಪ್ರೊಫೆಸರುಗಳು ಎದ್ದು ನಿಲ್ಲುತ್ತಿದ್ದರು. ಸುಳ್ಳು ಅನ್ನಿಸಿದರೆ ಮೂರು ಅಂತ ಇಟ್ಟುಕೊಳ್ಳಿ, ಅದಕ್ಕಿಂತ ಕಮ್ಮಿ ಮಾಡಲಾರೆ. "ಅಜ್ಜಿ ಡಾಕ್ಟರಾ ಅಜ್ಜ?" ಅಂತ ಮೊಮ್ಮಕ್ಕಳು ಕೇಳುತ್ತಾರೆ. ಅಲ್ಲ, ಡಾಕ್ಟರುಗಳನ್ನು ಮೇಯಿಸುತ್ತಿದ್ದವಳು. ಊರಾಚೆ ಒಂದು ವೈದ್ಯಕೀಯ ಸಂಶೋಧನಾ ಸಂಸ್ಥೆ. ಶ್ವಾಸಕೋಶ, ರಕ್ತ, ಕಿಡ್ನಿ, ಹೀಗೆ ಮನುಷ್ಯನ ಒಳಗೆ ಏನೇನು ಕೆಡಬಹುದೋ ಅದಕ್ಕೆಲ್ಲ ಒಂದೊಂದು ವಿಭಾಗ. ಅಲ್ಲಿನ ಸಂಶೋಧನೆಗಳಿಗೆ ಹೊರಗಿನವರು ಅನುದಾನ ಕೊಡುತ್ತಾರೆ. ಆ ಅನುದಾನಗಳನ್ನೂ ಅದರಿಂದ ಸಂಬಳ ಪಡೆಯುವ ಸಿಬ್ಬಂದಿಯನ್ನೂ ನೋಡಿಕೊಳ್ಳುವ ಕಚೇರಿಗೆ ಇವಳು ಮುಖ್ಯಸ್ಥೆ. ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ. ಹೊತ್ತು ಹೊತ್ತಿಗೆ ಹೊಟ್ಟೆಗೆ ಬೀಳಬೇಕಲ್ಲ!

ಅವಳದೊಂದು ಪದ್ಧತಿ. ಒಂದೊಂದು ಅನುದಾನಕ್ಕೆ ಒಂದೊಂದು ಬಣ್ಣ. ಶ್ವಾಸಕೋಶದ ದುಡ್ಡಿನಲ್ಲಿ ಕೊಂಡ ಮೇಜು, ಫ್ರಿಜ್ಜು, ಕಸದ ಬುಟ್ಟಿ ಎಲ್ಲಕ್ಕೂ ನೀಲಿ ಚೀಟಿ. ಕಿಡ್ನಿಯವರದು ಹಸಿರು. ಒಮ್ಮೆ ಕಿಟಕಿಯಲ್ಲಿ ನಿದ್ದೆ ಮಾಡುತ್ತಿದ್ದ ಪಾರಿವಾಳಕ್ಕೂ ಹಸಿರು ಚೀಟಿ ಅಂಟಿಸಿದ್ದಳು, ಆಡಿಟ್‌ನವರು ಅದನ್ನು ಹಿಡಿಯಲು ಮಹಡಿಯೆಲ್ಲ ಓಡಿದರು ಅಂತ ನಾನು ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. ಇರಲಿ, ಪಾರಿವಾಳ ಬಿಟ್ಟುಬಿಡಿ. ಆದರೆ ಮನುಷ್ಯರಿಗೆ ಅಂಟಿಸುತ್ತಿದ್ದುದು ನಿಜ. ಯಾವ ಅನುದಾನದಿಂದ ಸಂಬಳವೋ ಆ ಬಣ್ಣ ಅವರ ಐಡಿ ಕಾರ್ಡಿನ ಮೂಲೆಯಲ್ಲಿ.

ಅನುದಾನ ಮುಗಿದ ದಿನ ಉಗ್ರಾಣದವನು ತಳ್ಳುಗಾಡಿ ತಂದು ಆ ಬಣ್ಣದ ಸಾಮಾನೆಲ್ಲ ಎತ್ತಿಕೊಂಡು ಹೋಗಬೇಕು. ಆ ಬಣ್ಣದ ಜನ ಚಹಾ ಕುಡಿದು ಕಾರ್ಡು ಒಪ್ಪಿಸಿ ಮನೆಗೆ ಹೋಗಬೇಕು. ನನ್ನವಳ ಕೈಚಳಕ ಇದ್ದುದು ಇಲ್ಲೇ. ಆ ದಿನ ಬರುವುದರೊಳಗೆ ಎಲ್ಲರನ್ನೂ ಬೇರೆ ಬಣ್ಣಕ್ಕೆ ದಾಟಿಸಿಬಿಡುತ್ತಿದ್ದಳು. ಒಬ್ಬರನ್ನೂ ಬೀದಿಗೆ ಬಿಟ್ಟವಳಲ್ಲ.

ಶ್ವಾಸಕೋಶದ ಅನುದಾನ ನಿಲ್ಲುತ್ತದೆ ಅಂತ ಸುದ್ದಿ ಬಂದ ವರ್ಷವೂ ಹಾಗೇ ಬಾಗಿಲು ಬಾಗಿಲು ತಿರುಗಿದಳು. ಪ್ರಯೋಗಾಲಯದವರನ್ನು ರಕ್ತದವರ ಕೊರಳಿಗೆ ಕಟ್ಟಿದಳು. ಕೊನೆಗೆ ಉಳಿದವಳು ಒಬ್ಬ ಟೈಪಿಸ್ಟ್ ಹುಡುಗಿ. ಬೆರಳೂ ಬಾಯಿಯೂ ಒಂದೇ ವೇಗ, ಹಾಗಾಗಿ ಪಟಪಟಿ ಅಂತಲೇ ಹೆಸರು. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಇಡೀ ಸಂಸ್ಥೆಯಲ್ಲಿ ಖಾಲಿ ಇದ್ದುದು ಒಂದೇ ಜಾಗ, ಕಿಡ್ನಿ ವಿಭಾಗದ ಕಚೇರಿ ನೋಡಿಕೊಳ್ಳುವುದು.

"ನಮ್ಗೆ ಟೈಪಿಸ್ಟ್ ಎಲ್ಲ ಬೇಡ ಮೇಡಂ," ಅಂದರಂತೆ ಕಿಡ್ನಿ ಪ್ರೊಫೆಸರು.

"ನಿಮ್ಮ ಅಕ್ಷರ ನೋಡಿದೀನಿ ಸಾರ್. ಬೇಕು."

ಅಲ್ಲಿಗೆ ಮುಗಿಯಿತು. ಪಟಪಟಿಗೆ ಹಸಿರು ಚೀಟಿ.

ನೀಲಿಯ ಕೊನೆಯ ದಿನ ಬಂತು. ಚಹಾ ನಡೆಯುತ್ತಿತ್ತು. ಉಗ್ರಾಣದವನು ಗಾಡಿ ತಳ್ಳಿಕೊಂಡು ಬಂದು ಇವಳ ಮುಂದೆ ನಿಂತು ತಲೆ ಕೆರೆದುಕೊಂಡ.

"ಮೇಡಂ, ನಿಮ್ ಕುರ್ಚೀನೂ ನೀಲಿ."

"ತಗೊಂಡ್ಹೋಗಪ್ಪ, ನೆಲದ ಮೇಲೆ ಕೂತ್ಕೋತೀನಿ. ನೆಲಕ್ಕೆ ಇನ್ನೂ ಯಾರೂ ಅನುದಾನ ಕೊಟ್ಟಿಲ್ಲ," ಅಂತ ನಗುತ್ತಾ ಎದ್ದಳು.

ಎಲ್ಲರೂ ನಕ್ಕರು. ಲೆಕ್ಕಪತ್ರದವರು ಮಾತ್ರ ಲೋಟ ತುಟಿಯ ಹತ್ತಿರ ಹಿಡಿದುಕೊಂಡೇ ಕೇಳಿದರು: "ನಾಳೆಯಿಂದ ನೀವು ಯಾವ ವಿಭಾಗಕ್ಕೆ ಮೇಡಂ?"

"ನಾನ್ಯಾಕ್ರೀ ಹೋಗ್ಲಿ?"

"ಅಲ್ಲ... ನಿಮ್ಮ ಸಂಬಳಾನೂ ನೀಲಿದೇ ಅಲ್ವಾ?"

ಆಗಿದ್ದಿಷ್ಟು: ಎಷ್ಟೋ ವರ್ಷದ ಹಿಂದೆ ಸಂಸ್ಥೆಯ ಕೈ ಬಿಗಿಯಾದಾಗ ಹಳೆಯ ನಿರ್ದೇಶಕರು ಇವಳ ಸಂಬಳವನ್ನು ಶ್ವಾಸಕೋಶಕ್ಕೆ ಹಾಕಿದ್ದರು. "ಇದೊಂದು ವರ್ಷ ಅಷ್ಟೇ ಮೇಡಂ," ಅಂದಿದ್ದರು. ವರ್ಷ ಮುಗಿಯುವ ಮೊದಲೇ ಅವರು ನಿವೃತ್ತರಾದರು. ಸಂಬಳ ಅಲ್ಲೇ ಉಳಿಯಿತು. ತಿಂಗಳು ತಿಂಗಳು ಬರುತ್ತಿದ್ದುದನ್ನು ಎಲ್ಲಿಂದ ಬಂತು ಅಂತ ಯಾರು ಕೇಳುತ್ತಾರೆ? ಇವಳ ಕಾರ್ಡು ಈ ಬಣ್ಣದ ಪದ್ಧತಿಗಿಂತ ಹಳೆಯದು. ಅದಕ್ಕೆ ಚೀಟಿಯೇ ಇರಲಿಲ್ಲ. ಊರಿಗೆಲ್ಲ ಅಂಟಿಸುವವಳಿಗೆ ಅಂಟಿಸುವ ಧೈರ್ಯ ಯಾರಿಗಿತ್ತು?

"ಮೊದ್ಲೇ ಹೇಳ್ಬಾರ್ದಿತ್ತೇನ್ರೀ?" ಅಂತ ಇವಳು ಕೇಳಿದ್ದಕ್ಕೆ ಲೆಕ್ಕಪತ್ರದವರು ತೊದಲಿದರಂತೆ. "ನಿಮ್ಮದನ್ನ ನೀವು ಎಲ್ಲರಿಗಿಂತ ಮೊದ್ಲೇ ನೋಡ್ಕೊಂಡಿರ್ತೀರ ಅಂದ್ಕೊಂಡಿದ್ವಿ ಮೇಡಂ. ಎಲ್ರೂ."

ಆ 'ಎಲ್ರೂ' ಅನ್ನುವ ಮಾತು ಅವಳಿಗೆ ಕೆಲಸ ಹೋದದ್ದಕ್ಕಿಂತ ಜೋರಾಗಿ ಬಡಿಯಿತು.

ಅವಳು ನೇರ ನನ್ನ ಕನ್ನಡಕದ ಅಂಗಡಿಗೆ ಬಂದಳು. ಗಿರಾಕಿಗಳು ಅಕ್ಷರದ ಹಲಗೆ ಓದಲು ಕೂರುವ ಸ್ಟೂಲಿನ ಮೇಲೆ ಕೂತಳು.

"ರೀ, ನನ್ ಕೆಲ್ಸ ಹೋಯ್ತು."

ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೂ ಒಂದು ತಮಾಷೆ ಕಲಿತಳಲ್ಲ ಅಂತ ನಾನು ಹೊಟ್ಟೆ ಹಿಡಿದು ನಕ್ಕೆ. ಅವಳು ನಗಲಿಲ್ಲ. ಹಲಗೆಯನ್ನೇ ನೋಡುತ್ತಿದ್ದಳು.

"ತೆಗೆದೋರು ಯಾರು?"

"ನಾನೇ."

ನಾನು, ಸಾವಿನ ಮನೆಯಲ್ಲೂ ಜೋಕು ಹೊಡೆದು ಬೈಸಿಕೊಂಡವನು, ಅವತ್ತು ಅಂಗಡಿಯ ಬಾಗಿಲು ಎಳೆದು ಅವಳ ಪಕ್ಕ ಕೂತೆ. ಅಂಗಡಿಯ ಆದಾಯ ಅಂಗಡಿಯ ಬಾಡಿಗೆಗೆ ಸರಿಹೋಗುತ್ತಿತ್ತು. ಮನೆಯ ಒಲೆ ಉರಿಯುತ್ತಿದ್ದುದು ಅವಳ ಸಂಬಳದಿಂದ. ಮಗಳು ಇನ್ನೂ ಕಾಲೇಜಿನಲ್ಲಿದ್ದಳು.

ಹೊಸ ನಿರ್ದೇಶಕರು ಸಂಸ್ಥೆಯ ಕೈಯಲ್ಲಿ ನಿಮ್ಮ ಸಂಬಳಕ್ಕೆ ದುಡ್ಡಿಲ್ಲ ಅಂದು ಸುಲಭದ ದಾರಿ ಹೇಳಿದ್ದರು: ಪಟಪಟಿ ಹೊಸಬಳು, ಆ ಜಾಗ ನೀವೇ ತಗೊಳ್ಳಿ. ಮರುದಿನ ಬೆಳಿಗ್ಗೆ ಪಟಪಟಿಯೇ ಮನೆಗೆ ಬಂದು ಹಸಿರು ಚೀಟಿಯ ಕಾರ್ಡು ಮೇಜಿನ ಮೇಲಿಟ್ಟು ಅಳುತ್ತಾ ನಿಂತಳು. "ತಗೊಳ್ಳಿ ಮೇಡಂ. ನಾನು ಎಲ್ಲಾದ್ರೂ ನೋಡ್ಕೋತೀನಿ."

"ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಕೆ ಅದೇನು ಕೊಡೆನಾ? ಮೊದ್ಲು ಮೂಗು ಒರೆಸ್ಕೋ."

"ನಿಮ್ ಮನೆ ಹೇಗೆ ನಡೆಯತ್ತೆ?"

"ಇವ್ರು ಕನ್ನಡಕ ಮಾರ್ತಾರೆ. ಜನರ ಕಣ್ಣು ಕೆಡ್ತಾನೇ ಇರತ್ತೆ. ಹೋಗು, ಲೇಟಾಯ್ತು."

ಹುಡುಗಿ ಹೋದ ಮೇಲೆ ನಾನು, "ಜನರ ಕಣ್ಣು ಅಷ್ಟೊಂದು ಬೇಗ ಕೆಡಲ್ಲ ಕಣೇ," ಅಂದೆ. ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕುಕ್ಕರಿನ ಸೀಟಿ ಅಂತ ಆಮೇಲೆ ಹೇಳಿದಳು. ಅವತ್ತು ಕುಕ್ಕರ್ ಇಟ್ಟಿರಲೇ ಇಲ್ಲ.

ಮಳೆಗಾಲವೆಲ್ಲ ಮನೆಯಲ್ಲಿ ಕೂತಳು. ಹಾಲಿನವನಿಗೆ ಸಮಯಪಾಲನೆ ಕಲಿಸಿದಳು. ನನ್ನ ಅಂಗಡಿಗೆ ಬಂದು ಫ್ರೇಮುಗಳನ್ನು ಹೇಗೆ ಜೋಡಿಸಿದಳೆಂದರೆ ಒಂದು ವಾರ ನನಗೆ ನನ್ನ ಕನ್ನಡಕವೇ ಸಿಗಲಿಲ್ಲ. ಆಮೇಲೊಂದು ದಿನ ಪಟಪಟಿಯ ಫೋನು. ಕಿಡ್ನಿ ಅನುದಾನ ಹೆಚ್ಚಾಗಿದೆ, ಕಚೇರಿಗೆ ಒಬ್ಬ ಸಹಾಯಕ ಗುಮಾಸ್ತೆ ಬೇಕು.

"ನಿಮ್ಮನ್ನ ಹೇಗೆ ಕೇಳೋದು ಅಂತಾನೇ ತಿಳೀತಿಲ್ಲ ಮೇಡಂ... ನನ್ ಕೈಕೆಳಗೆ ಬರತ್ತೆ ಅದು..."

"ಎಷ್ಟೊತ್ತಿಗೆ ಬರ್ಲಿ?"

ನಾನು ಕೈಲಿದ್ದ ತುತ್ತು ತಟ್ಟೆಗೆ ಹಾಕಿದೆ. "ಏ, ನೀನು ಬೆಳೆಸಿದ ಹುಡುಗಿಗೆ ನೀನು ಸಲಾಂ ಹೊಡೀತೀಯಾ?"

"ಹೂಂ. ಅವಳಿಗಿನ್ನೂ ಫೈಲು ನೆಟ್ಟಗೆ ಕಟ್ಟೋಕೆ ಬರಲ್ಲ," ಅಂತ ಸೀರೆ ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಳು.

ಮೊದಮೊದಲು ಹುಡುಗಿ ಇವಳನ್ನು ಕಂಡಾಗಲೆಲ್ಲ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದಳಂತೆ. "ಕೂತ್ಕೋ ಮಾರಾಯ್ತಿ, ನಿನ್ನ ನೋಡಿ ನನ್ ಮಂಡಿ ನೋಯ್ತಿದೆ," ಅಂತ ಇವಳು ಗದರಿಸಬೇಕಾಯಿತು. ಹಾಗೇ ದಿನ ಉರುಳಿದವು. ಮಗಳ ಓದು ಮುಗಿಯಿತು. ಒಮ್ಮೆ ನಾನು ಸಮುದ್ರ ನೋಡಿಬರೋಣ ಅಂತ ರೈಲಿಗೆ ಟಿಕೆಟ್ ಮಾಡಿಸಿದೆ. ಅವಳು ರಜೆ ಕೇಳಿಬರಲು ಹೋದಳು.

ಸಂಜೆ ಬಂದವಳ ಮುಖ ನೋಡಿ ಕೈಲಿದ್ದ ಪೇಪರು ಕೆಳಗಿಟ್ಟೆ. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ನಿಂತಳು.

"ರಜೆ ಕೊಡ್ಲಿಲ್ಲ ರೀ!"

"ಯಾರು?"

"ಪಟಪಟಿ. 'ಆ ವಾರ ಆಡಿಟ್ ಇದೆ ಮೇಡಂ, ಆಗಲ್ಲ' ಅಂದ್ಲು. ತಲೆ ಕೂಡ ಎತ್ತಲಿಲ್ಲ!"

"ಎಷ್ಟು ಕೊಬ್ಬು! ನೀನು ಕೊಟ್ಟ ಜಾಗದಲ್ಲಿ ಕೂತ್ಕೊಂಡು? ನಾಳೆ ನಾನೇ ಬಂದು..."

"ನೀವು ಸುಮ್ನೆ ಕೂತ್ಕೊಳ್ಳಿ," ಅಂದಳು. ಕಣ್ಣು ಇನ್ನೂ ಅಗಲವಾಗಿಯೇ ಇತ್ತು, ಆದರೆ ತುಟಿ ನಗು ತಡೆದುಕೊಂಡು ಸಣ್ಣಗೆ ಅದುರುತ್ತಿತ್ತು. "ಆಡಿಟ್ ವಾರ ರಜೆ ಕೇಳಿದ್ರೆ ನಾನಾದ್ರೂ ಕೊಡ್ತಿದ್ನಾ? ಟಿಕೆಟ್ ವಾಪಸ್ ಮಾಡ್ಕೊಂಡ್ ಬನ್ನಿ, ಕೌಂಟರ್ ಮುಚ್ಚೋದ್ರೊಳಗೆ."